‘ಬೆಟ್ಟದ ಜೀವ’ದ ಕಾಲುದಾರಿ

ಪರ್ವತವರ್ಣನೆಗೆ ಕಾವ್ಯದಲ್ಲಿ ದೊರೆತಿರುವ ಸ್ಥಾನವು ಬಹು ಪ್ರಾಚೀನವಾದದ್ದು. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರಷ್ಟೆ. ಆ ಪಟ್ಟಿಯಲ್ಲಿ ಸಮುದ್ರದೊಡನೆ ಶೈಲವೂ ಉಂಟು; ಋತುಗಳೂ, ಚಂದ್ರೋದಯ ಸೂರ್ಯೋದಯಗಳೂ ಉಂಟು. ಅದೇ ಪಟ್ಟಿಯಲ್ಲಿ ಪ್ರಯಾಣವೆಂಬುದೂ ಸೇರಿದೆ. ಆದರೆ ಆ ಪ್ರಯಾಣವು ದಂಡೆತ್ತಿ ಹೊರಟ ಅರಸನದು. ಆನೆ ಕುದುರೆಗಳ ತುಳಿತಕ್ಕೆ ಎದ್ದ ಧೂಳು ಸೂರ್ಯನನ್ನು ಮುಚ್ಚುವಂಥದು. ಸಾಮಾನ್ಯ ಗೃಹಸ್ಥನೊಬ್ಬನು ಬೆಳಗಿನ ಕೆಲಸ ತೀರಿಸಿ, ಹೆಗಲ ಮೇಲೊಂದು ಪಂಚೆ ಹಾಕಿಕೊಂಡು, ಒಂದು ಕಣಿವೆಯ ಮನೆಯಿಂದ ಇನ್ನೊಂದು ಕಣಿವೆಯ ತೋಟಕ್ಕೆ ಗುಡ್ಡ ಹತ್ತಿಳಿದು ಹೋಗುವ ನಡಿಗೆಗೆ ಅಲ್ಲಿ ಎಡೆಯಿಲ್ಲ. ಬೆಟ್ಟವನ್ನು ದೂರದಿಂದ ನೋಡಿದ ಕವಿಗಳು ಅನೇಕರು. ಅದನ್ನು ಕಾಲಿನಿಂದ ಅಳೆದು ಬರೆದವರು ಕಡಮೆ. ಕನ್ನಡದಲ್ಲಿ ಈ ಕೊರತೆಯನ್ನು ತುಂಬಿದ ಕೃತಿಗಳಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ಕ್ಕೆ ವಿಶೇಷವಾದ ಸ್ಥಾನ ಸಲ್ಲತಕ್ಕದ್ದು.

ಈ ಕಾದಂಬರಿಯು 1943ರಲ್ಲಿ ಪ್ರಕಟವಾಯಿತು. ಇದಕ್ಕೆ ಹತ್ತು ವರ್ಷ ಮೊದಲು ಕಾರಂತರ ‘ಚೋಮನ ದುಡಿ’ ಹೊರಬಂದಿದ್ದಿತು. ಅಲ್ಲಿ ಭೂಮಿಯ ಆಸೆ ಕೈಗೂಡದೆ ನಂದಿಹೋದವನ ಕಥೆಯಿದ್ದರೆ, ಇಲ್ಲಿ ಭೂಮಿಯನ್ನು ಕಾಡಿನಿಂದ ಗೆದ್ದುಕೊಂಡವನ ಕಥೆಯಿದೆ. ವಸ್ತುವು ಬಹು ಸರಳವಾದದ್ದು. ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ದಾರಿತಪ್ಪಿದ ಪಯಣಿಗನೊಬ್ಬನನ್ನು ದೇರಣ್ಣ, ಬಟ್ಯ ಎಂಬ ಇಬ್ಬರು ಕಂಡು, ಕೆಳಬೈಲಿನ ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಗೋಪಾಲಯ್ಯನು ವೃದ್ಧ, ಹೆಂಡತಿ ಶಂಕರಮ್ಮ. ಅವರ ಮಗನಾದ ಶಂಭು ಮನೆ ಬಿಟ್ಟು ಹೋಗಿ ವರ್ಷಗಳೇ ಸಂದಿವೆ. ಆಚೆಯ ಕಟ್ಟದಮೂಲೆಯಲ್ಲಿ ಗೋಪಾಲಯ್ಯನು ಕಾಡು ಕಡಿಸಿ ತೋಟವೆಬ್ಬಿಸಿದ್ದಾನೆ; ನಾರಾಯಣ, ಲಕ್ಷ್ಮಿ ಎಂಬ ದಂಪತಿಗಳು ಅಲ್ಲಿ ನೆಲೆಸಿದ್ದಾರೆ. ಬಂದ ಅತಿಥಿ ಕೆಲವು ದಿನ ಉಳಿಯುತ್ತಾನೆ, ಎಣ್ಣೆ ನೀರು, ಊಟ, ಮಾತು, ಹುಲಿಯ ಬೇಟೆ, ಕಟ್ಟದಮೂಲೆಯ ಭೇಟಿ, ಹೀಗೆ ದಿನಗಳು ಕಳೆಯುತ್ತವೆ, ಬಳಿಕ ಹೊರಟುಹೋಗುತ್ತಾನೆ. ಇಷ್ಟೇ ಕಥೆ.

ಇದರಲ್ಲಿ ಕಥೆಯೇ ಇಲ್ಲವಲ್ಲ, ಇದು ಪ್ರವಾಸದ ಬರೆಹವಾಯಿತೇ ಹೊರತು ಕಾದಂಬರಿಯಾಗಲಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಆಕ್ಷೇಪವನ್ನು ಸುಲಭವಾಗಿ ತಳ್ಳಿಬಿಡುವಂತಿಲ್ಲ. ಸಂವಿಧಾನದ ಬಿಗಿಯನ್ನೇ ಕಾದಂಬರಿಯ ಪ್ರಾಣವೆಂದು ಎಣಿಸುವವರಿಗೆ ಇಲ್ಲಿ ಹಿಡಿಯಲು ಏನೂ ಸಿಗದು. ಒಳಸಂಚಿಲ್ಲ, ದಾಯಾದಿಗಳ ವ್ಯಾಜ್ಯವಿಲ್ಲ, ಕೊನೆಯಲ್ಲಿ ಬಿಚ್ಚಿಕೊಳ್ಳುವ ರಹಸ್ಯವಿಲ್ಲ. ಹೀಗಿದ್ದರೂ ಓದುಗನ ಆಸಕ್ತಿ ಸಡಿಲುವುದಿಲ್ಲ. ಪುಸ್ತಕ ಮುಗಿದ ಮೇಲೂ ವೃದ್ಧ ದಂಪತಿಗಳು ಮನಸ್ಸಿನಿಂದ ಕದಲುವುದಿಲ್ಲ. ಇದಕ್ಕೆ ಕಾರಣವೇನು? ಘಟನೆಗಳು ಕಥೆಯನ್ನು ಹೊಂದಿಸುವ ಕೆಲಸವನ್ನು ಇಲ್ಲಿ ಒಂದು ಕಾಲುದಾರಿ ಮಾಡುತ್ತದೆ ಎಂಬುದೇ ಇದಕ್ಕೆ ತಕ್ಕ ಉತ್ತರ. ಈ ಕಾದಂಬರಿಯಲ್ಲಿ ನಡೆಯುವುದೆಲ್ಲವೂ ಆ ದಾರಿಯಲ್ಲಿ ಯಾರು ಬಂದರು, ಯಾರು ಹೋದರು, ಯಾರು ಬರಲಿಲ್ಲ ಎಂಬುದೇ ಆಗಿದೆ.

ಮೊದಲು ಎರಡು ಸ್ಥಳಗಳ ಹೆಸರುಗಳನ್ನೇ ನೋಡಬಹುದು. ದಕ್ಷಿಣ ಕನ್ನಡದಲ್ಲಿ ಬೈಲು ಎಂದರೆ ಗುಡ್ಡಗಳ ನಡುವೆ ತಗ್ಗಿನಲ್ಲಿ ಹಬ್ಬಿದ ಗದ್ದೆಯ ನೆಲ. ನೀರು ತಾನಾಗಿ ಇಳಿದು ಬರುವ ಜಾಗ. ಮೊದಲು ಬಂದ ಒಕ್ಕಲು ಮನೆ ಕಟ್ಟಿಕೊಳ್ಳುವ ಜಾಗ. ಕಟ್ಟ ಎಂದರೆ ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣು ಕಲ್ಲು ಸೊಪ್ಪುಗಳಿಂದ ಹಾಕುವ ಒಡ್ಡು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮತ್ತೆ ಹಾಕಬೇಕು. ಮೂಲೆಯೆಂದರೆ ಕಣಿವೆ ಸೊರಗಿ ಗುಡ್ಡಕ್ಕೆ ತಾಗುವ ಕೊನೆ. ಆದಕಾರಣ ಕೆಳಬೈಲು ಎಂಬ ಹೆಸರಿನಲ್ಲಿಯೇ ನೆಲೆಯೂರಿದ ಬಾಳಿನ ನೆಮ್ಮದಿಯಿದೆ. ಕಟ್ಟದಮೂಲೆ ಎಂಬ ಹೆಸರಿನಲ್ಲಿ ಪ್ರತಿವರ್ಷವೂ ಹೊಸದಾಗಿ ಮಾಡಬೇಕಾದ ಶ್ರಮವಿದೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯು ನೆಮ್ಮದಿಯಿಂದ ಶ್ರಮಕ್ಕೆ ಹೋಗುವ ದಾರಿ. ವಯಸ್ಸಾದವರು ಶ್ರಮದಿಂದ ನೆಮ್ಮದಿಗೆ ಹಿಂದಿರುಗುವುದು ಲೋಕರೂಢಿ; ಗೋಪಾಲಯ್ಯನು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆದವನು. ಅವನ ಸ್ವಭಾವವನ್ನು ತಿಳಿಯಲು ಬೇರೆ ಯಾವ ವಿವರಣೆಯೂ ಬೇಕಾಗಿಲ್ಲ.

ಈ ಸೀಮೆಯ ಕಾಲುದಾರಿಯೆಂಬುದು ರಸ್ತೆಯಂತೆ ಒಮ್ಮೆ ಮಾಡಿ ಬಿಟ್ಟದ್ದಲ್ಲ. ರಸ್ತೆಯನ್ನು ಸರ್ಕಾರ ಕಟ್ಟುತ್ತದೆ, ಕಾಲುದಾರಿಯನ್ನು ನಡೆಯುವವರ ಪಾದಗಳು ಕಟ್ಟುತ್ತವೆ. ಒಂದು ಮಳೆಗಾಲ ಯಾರೂ ನಡೆಯದಿದ್ದರೆ ಕುರುಚಲು ಎರಡು ಕಡೆಯಿಂದಲೂ ಬಾಗಿ ಕೂಡಿಕೊಳ್ಳುತ್ತದೆ. ತೋಡಿನ ಮೇಲೆ ಹಾಕಿದ ಅಡಕೆಮರದ ಸಂಕ ಪಾಚಿಗಟ್ಟಿ ಕುಂಬಾಗುತ್ತದೆ. ದರೆ ಜರಿದ ಕಡೆ ಹೊಸ ಸುತ್ತು ಹುಡುಕಬೇಕಾಗುತ್ತದೆ. ಹೀಗಿರಲು ಒಂದು ಕಾಲುದಾರಿ ಉಳಿದಿದೆ ಎಂದರೆ, ಅದರ ಎರಡು ತುದಿಗಳಲ್ಲಿಯೂ ಒಬ್ಬರಿಗೊಬ್ಬರು ಬೇಕಾದವರು ಇದ್ದಾರೆಂದೇ ಅರ್ಥ. ಕೆಳಬೈಲಿಗೂ ಕಟ್ಟದಮೂಲೆಗೂ ನಡುವೆ ದಾರಿ ಸವೆದಿರುವುದು ಗೋಪಾಲಯ್ಯನ ಮಮತೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಅವನು ನಾರಾಯಣನನ್ನು ಮಗನಂತೆ ಕಂಡನೆಂದು ಗ್ರಂಥಕರ್ತರು ಬಾಯಿಬಿಟ್ಟು ಸಾರಬೇಕಾಗಿಲ್ಲ; ಮುದುಕನ ಕಾಲು ಆ ಮಾತನ್ನು ಹೇಳುತ್ತದೆ.

ಕಾರಂತರ ವರ್ಣನಾವಿಧಾನವೂ ಈ ದಾರಿಗೆ ಅನುಗುಣವಾಗಿದೆ. ಅವರು ಬೆಟ್ಟವನ್ನು ಚಿತ್ರಪಟದಂತೆ ಎದುರಿಗೆ ಹರಡಿ, ಒಂದೊಂದಾಗಿ ಬಣ್ಣ ತುಂಬುವುದಿಲ್ಲ. ಕತ್ತಲಾಗುತ್ತ ಬಂದ ಹೊತ್ತಿನಲ್ಲಿ ಊರು ಕಾಣದವನ ಭಯದಿಂದ ಕಾಡು ಮೊದಲು ಗೋಚರವಾಗುತ್ತದೆ. ದಣಿದ ಮೈಗೆ ಬಿಸಿನೀರು ಬಿದ್ದಾಗ ಮನೆ ಗೋಚರವಾಗುತ್ತದೆ. ವಯಸ್ಸಾದ ಆತಿಥೇಯನ ಹುರುಪಿಗೆ ಬೆರಗಾಗಿ ಏರುವಾಗ ಗುಡ್ಡ ಗೋಚರವಾಗುತ್ತದೆ. ನೋಟಕ್ಕಿಂತ ಮೊದಲು ಮೈಗೆ ತಾಗಿದ ಅನುಭವ ಬರುತ್ತದೆ. ಬೆಟ್ಟದ ದೊಡ್ಡತನವನ್ನು ವಿಶೇಷಣಗಳಿಂದ ಹೇಳಿದರೆ ಓದುಗನು ಮೆಚ್ಚಿ ಮರೆತುಬಿಡುತ್ತಾನೆ. ಅದನ್ನು ಏದುಸಿರಿನಿಂದ ಹೇಳಿದರೆ ಮರೆಯಲಾರ. ಪ್ರಾಚೀನರ ಶೈಲವರ್ಣನೆಗೂ ಇದಕ್ಕೂ ಇರುವ ಅಂತರವು ಇಲ್ಲಿಯೇ ಇದೆ. ಅಲ್ಲಿ ಬೆಟ್ಟಕ್ಕೆ ಉಪಮಾನಗಳು ಸಿಕ್ಕಿದವು. ಇಲ್ಲಿ ಬೆಟ್ಟಕ್ಕೆ ಏರು, ಇಳಿತ, ತಿರುವುಗಳು ಸಿಕ್ಕಿವೆ.

ಇನ್ನು ಶಂಭುವಿನ ಮಾತು. ಈ ದಾರಿಯಲ್ಲಿ ಅತಿಥಿ ಬರುತ್ತಾನೆ, ದೇರಣ್ಣ ಬಟ್ಯರು ಬರುತ್ತಾರೆ, ತೋಟಕ್ಕೆ ಆನೆಗಳೂ ಬರುತ್ತವೆ. ಬರಬೇಕಾದವನೊಬ್ಬನೇ ಬರುವುದಿಲ್ಲ. ಗೋಪಾಲಯ್ಯನಿಗೆ ಬಂದವರೆಲ್ಲರ ಮೇಲೂ ಇರುವ ಅತಿಶಯವಾದ ಅಕ್ಕರೆ ಮೊದಲ ಅಧ್ಯಾಯಗಳಲ್ಲಿ ಕೇವಲ ಮಲೆನಾಡಿನ ಆತಿಥ್ಯವೆಂದು ತೋರುತ್ತದೆ. ಮಗನ ಸಂಗತಿ ತಿಳಿದ ಮೇಲೆ ಅದೇ ಆತಿಥ್ಯವು ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಬಾಗಿಲಿಗೆ ಬಂದ ಅಪರಿಚಿತನನ್ನು ಬಿಡಲೊಲ್ಲದ ಆ ಹಟದಲ್ಲಿ, ಬರದವನ ಪಾಲಿನ ಉಪಚಾರವನ್ನು ಬಂದವನಿಗೆ ಮಾಡಿ ತೀರಿಸುವ ಆರ್ತತೆಯಿದೆ. ಗೋಪಾಲಯ್ಯನು ನಕ್ಕು ನಗಿಸಿ ದುಃಖವನ್ನು ಮರೆಸಬಲ್ಲವನು. ಅವನಿಗೆ ಹೋಗಲು ಒಂದು ದಾರಿಯೂ ಮಾಡಲು ಒಂದು ಕೆಲಸವೂ ಇವೆ. ಶಂಕರಮ್ಮನಿಗೆ ಆ ಅನುಕೂಲವಿಲ್ಲ. ಆಕೆ ದಾರಿಯ ತುದಿಯಲ್ಲಿ ನಿಂತವಳು. ಒಂದೇ ದುಃಖವನ್ನು ನಡೆಯುವವನು ಒಂದು ಬಗೆಯಾಗಿಯೂ ಕಾಯುವವಳು ಇನ್ನೊಂದು ಬಗೆಯಾಗಿಯೂ ಹೊರುವುದನ್ನು ಇಷ್ಟು ಮಿತವಾಗಿ ತೋರಿಸಿದ ದಾಂಪತ್ಯಚಿತ್ರಗಳು ಕನ್ನಡದಲ್ಲಿ ವಿರಳ.

ಇಂಗ್ಲಿಷ್ ಸಾಹಿತ್ಯವನ್ನು ಬಲ್ಲ ವಾಚಕರಿಗೆ ಇಲ್ಲಿ ವರ್ಡ್ಸ್‌ವರ್ತ್ ಕವಿಯು 1800ರಲ್ಲಿ ಪ್ರಕಟಿಸಿದ ‘ಮೈಕೇಲ್’ ಎಂಬ ಕವನವು ನೆನಪಿಗೆ ಬರುವುದು ಸಹಜ. ಅಲ್ಲಿಯೂ ಜನಸಂಚಾರದ ಹಾದಿಯನ್ನು ಬಿಟ್ಟು ಹಳ್ಳದ ಗುಂಟ ಏರಿದರೆ ಸಿಗುವ ಒಂದು ನಿರ್ಜನ ಕಣಿವೆ; ಅಲ್ಲಿಯೂ ಮುದಿ ಕುರುಬನೊಬ್ಬ, ಅವನ ಹೆಂಡತಿ, ಒಬ್ಬನೇ ಮಗ. ಸಾಲದ ಹೊರೆಯಿಂದ ಭೂಮಿಯನ್ನು ಉಳಿಸಿಕೊಳ್ಳಲೆಂದು ಮಗನನ್ನು ಪಟ್ಟಣಕ್ಕೆ ಕಳುಹಿಸುತ್ತಾರೆ. ಹೋಗುವ ಮುನ್ನ ಕುರಿದೊಡ್ಡಿಯ ಮೊದಲ ಕಲ್ಲನ್ನು ಮಗನ ಕೈಯಿಂದಲೇ ಇಡಿಸುತ್ತಾನೆ ತಂದೆ. ಮಗ ಪಟ್ಟಣದಲ್ಲಿ ಕೆಟ್ಟು ಕಡಲಾಚೆಗೆ ಓಡಿಹೋಗುತ್ತಾನೆ. ಮುದುಕನು ಆ ದೊಡ್ಡಿಯ ಬಳಿಗೆ ಹೋಗುತ್ತಿದ್ದನೆಂದೂ, ಎಷ್ಟೋ ದಿನ ಒಂದು ಕಲ್ಲನ್ನೂ ಎತ್ತಿಡದೆ ಹಿಂದಿರುಗುತ್ತಿದ್ದನೆಂದೂ ಕಣಿವೆಯ ಜನ ನಂಬಿದ್ದರು. ದೊಡ್ಡಿ ಮುಗಿಯದೆಯೇ ಉಳಿಯಿತು. ಆ ಎತ್ತದ ಕಲ್ಲಿನಲ್ಲಿ ವರ್ಡ್ಸ್‌ವರ್ತ್ ಕವಿಯ ಕರುಣರಸವೆಲ್ಲ ನೆಲೆಗೊಂಡಿದೆ.

ಎರಡೂ ಕಥೆಗಳ ಸಾಮ್ಯ ಎಷ್ಟಿದ್ದರೂ, ಅವುಗಳ ವ್ಯತ್ಯಾಸವೇ ಹೆಚ್ಚು ಬೋಧಪ್ರದವಾದದ್ದು. ಮೈಕೇಲನ ಭೂಮಿ ಪಿತ್ರಾರ್ಜಿತ. ರಕ್ತಸಂಬಂಧ ಕಡಿದರೆ ಅದಕ್ಕೆ ಅರ್ಥವೇ ಉಳಿಯದು. ಗೋಪಾಲಯ್ಯನ ಕಟ್ಟದಮೂಲೆ ಅವನ ದುಡಿಮೆಯಿಂದ ಎದ್ದದ್ದು. ದುಡಿಯುವವನು ಸಿಕ್ಕಿದರೆ ಅದು ಮುಂದುವರಿಯಬಲ್ಲದು. ಅಲ್ಲಿ ದುಃಖವು ಕೆಲಸವನ್ನು ನಿಲ್ಲಿಸುತ್ತದೆ, ಇಲ್ಲಿ ದುಃಖವು ಕೆಲಸದೊಳಗೆ ಇಳಿದುಹೋಗುತ್ತದೆ. ಹೊರಗಿನ ಮಗನು ಎಂದಾದರೂ ಬಂದಾನೆಂಬ ಆಸೆಯೂ, ಒಳಗೆ ದುಡಿಯುತ್ತಿರುವ ನಾರಾಯಣನು ಬಿಟ್ಟುಹೋದಾನೆಂಬ ಅಂಜಿಕೆಯೂ ಗೋಪಾಲಯ್ಯನ ಮನಸ್ಸಿನಲ್ಲಿ ಒಟ್ಟಿಗೆ ಇರುತ್ತವೆ. ಮಗನು ಬಂದರೆ ನಾರಾಯಣನ ಗತಿಯೇನು? ನಾರಾಯಣನು ಹೊರಟರೆ ಮುದುಕನ ಗತಿಯೇನು? ಕಥೆಯೇ ಇಲ್ಲವೆಂದು ತೋರಿದ ಕಾದಂಬರಿಯಲ್ಲಿ ಇಂಥ ಕಠಿಣವಾದ ಪ್ರಶ್ನೆಯೊಂದು ಸದ್ದಿಲ್ಲದೆ ಕುಳಿತಿದೆ. ಗ್ರಂಥಕರ್ತರು ಮಗನನ್ನು ಕೊನೆಯ ಅಧ್ಯಾಯದಲ್ಲಿ ಹಿಡಿದು ತಂದು ನಿಲ್ಲಿಸದೆ ಇದ್ದುದು ಔಚಿತ್ಯಜ್ಞಾನದ ಫಲ. ಅವನು ಬಂದಿದ್ದರೆ ವಾಚಕರಿಗೆ ಸಂತೋಷವಾಗುತ್ತಿದ್ದಿತು. ಪ್ರಶ್ನೆ ಮಾತ್ರ ಸುಳ್ಳಾಗುತ್ತಿದ್ದಿತು.

ಗುಣಗಳನ್ನು ಇಷ್ಟು ಹೇಳಿದ ಮೇಲೆ ನ್ಯೂನತೆಯನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಯಾಗುತ್ತದೆ. ಕಾರಂತರು 1902ರಲ್ಲಿ ಕಡಲಂಚಿನ ಕೋಟದಲ್ಲಿ ಹುಟ್ಟಿದವರು; ಪುತ್ತೂರಿನಲ್ಲಿ ಬಹುಕಾಲ ನೆಲೆಸಿದವರು. ಬೆಟ್ಟದ ಸೀಮೆಗೆ ಅವರು ಹೊರಗಿನಿಂದ ಬಂದವರು. ಈ ಕಾದಂಬರಿಯ ಕಣ್ಣು ಅತಿಥಿಯ ಕಣ್ಣೇ ಆಗಿರುವುದು ಪ್ರಾಮಾಣಿಕವಾದ ಆಯ್ಕೆ. ಆದರೆ ಅದಕ್ಕೊಂದು ಬೆಲೆಯೂ ಉಂಟು. ಅತಿಥಿ ಊಟ ಮಾಡುವ ಜಗಲಿಯಿಂದ ಎಷ್ಟು ಕಾಣುವುದೋ ಅಷ್ಟೇ ಕಾದಂಬರಿಗೂ ಕಾಣುತ್ತದೆ. ಕಾಡಿನ ದಾರಿಯನ್ನು ಅಂಗೈಯಂತೆ ಬಲ್ಲವರು ದೇರಣ್ಣ, ಬಟ್ಯರು. ಅವರಿಲ್ಲದಿದ್ದರೆ ಅತಿಥಿ ಕೆಳಬೈಲನ್ನು ಸೇರುವುದೇ ಇಲ್ಲ, ಕಥೆ ಮೊದಲಾಗುವುದೇ ಇಲ್ಲ. ಹಾಗಿದ್ದರೂ ಅವರ ಮನೆ, ಅವರ ಚಿಂತೆ, ಆ ದಾರಿ ಅವರಿಗೆ ಏನಾಗಿತ್ತು ಎಂಬ ಅಂತರಂಗ, ಇವುಗಳೊಳಕ್ಕೆ ಕಾದಂಬರಿ ಅಷ್ಟಾಗಿ ಇಳಿಯುವುದಿಲ್ಲ. ತೋಟವೆಬ್ಬಿಸಿದ ಕೀರ್ತಿ ಯಜಮಾನನಿಗೆ ಸಲ್ಲುತ್ತದೆ. ಕತ್ತಿ ಗುದ್ದಲಿ ಹಿಡಿದ ಆಳುಗಳ ಕೈಗಳು ಕಾದಂಬರಿಯ ಅಂಚಿನಲ್ಲಿ ಉಳಿಯುತ್ತವೆ.

ಈ ಅಂಚನ್ನು ನಡುವಿಗೆ ತಂದವರು ಕುವೆಂಪು. 1904ರಲ್ಲಿ ಹುಟ್ಟಿ ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯಲ್ಲಿ ಬೆಳೆದ ಅವರಿಗೆ ಕಾಡಿನ ದಾರಿ ಹುಟ್ಟಿನಿಂದ ಬಂದ ಸ್ವತ್ತು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೊದಲಲ್ಲಿಯೇ ಕಾಡುದಾರಿಯಲ್ಲಿ ನಡೆದು ಬರುವವನು ಹೆಗ್ಗಡೆಯ ಮನೆಯ ಆಳಾದ ಗುತ್ತಿ. ಅವನ ಬೆನ್ನಿಗೆ ಹುಲಿಯನೆಂಬ ನಾಯಿ. ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಇರುಳಿನಲ್ಲಿ ಕಾಡಿಗೆ ಇಳಿಯುವ ಚಿನ್ನಮ್ಮನೂ ಅಂಥ ದಾರಿಗಳಲ್ಲಿಯೇ ನಡೆಯುತ್ತಾಳೆ. ಅಲ್ಲಿ ದಾರಿ ಒಂದಲ್ಲ, ಹತ್ತಾರು. ಒಂದು ಇನ್ನೊಂದನ್ನು ಕೂಡುತ್ತದೆ, ದಾಟುತ್ತದೆ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಆ ಕೂಡುದಾರಿಗಳಲ್ಲಿ ಮುಟ್ಟುತ್ತದೆ. ಆಳಿಗೂ ಒಡೆಯನಿಗೂ, ಓಡಿಹೋಗುವ ಹೆಣ್ಣಿಗೂ ಅಟ್ಟಿಸಿಕೊಂಡು ಬರುವವರಿಗೂ ಒಂದೇ ಕಾಡು ಬೇರೆಬೇರೆಯಾಗಿ ಕಾಣುತ್ತದೆ. ಕಡೆಗೆ ಉಕ್ಕಿದ ತುಂಗೆಯನ್ನು ದಾಟುವಾಗ ಹುಲಿಯನು ನೀರುಪಾಲಾಗುವ ಸನ್ನಿವೇಶದಲ್ಲಿ, ಆ ದಾರಿಗಳಲ್ಲಿ ನಡೆದವರು ತೆತ್ತ ಬೆಲೆ ಮನಸ್ಸಿಗೆ ನಾಟುತ್ತದೆ. ಕಾರಂತರಲ್ಲಿ ಒಂದೇ ದಾರಿಯ ಆಳವಿದೆ, ಕುವೆಂಪು ಅವರಲ್ಲಿ ಅನೇಕ ದಾರಿಗಳ ಹರಹಿದೆ. ಎರಡನ್ನೂ ಓದಿದವನಿಗೇ ಮಲೆಯ ನಡಿಗೆ ಪೂರ್ಣವಾಗಿ ದಕ್ಕುವುದು.

ಇನ್ನೊಂದು ಪ್ರಶ್ನೆಯನ್ನು ಇಂದಿನ ಓದುಗನು ಎತ್ತದೆ ಇರಲಾರ. ಗೋಪಾಲಯ್ಯನ ಹಿರಿಮೆಯೆಂದು ಕಾದಂಬರಿ ತೋರಿಸುವುದು ಕಾಡು ಕಡಿದು ತೋಟ ಮಾಡಿದ ಸಾಹಸವನ್ನು. ಅದೇ ಸೀಮೆಯ ಕುಮಾರಪರ್ವತವು ಸೇರಿರುವ ಪುಷ್ಪಗಿರಿಯ ಕಾಡು 1987ರಲ್ಲಿ ವನ್ಯಜೀವಿಧಾಮವಾಯಿತು. 2012ರಲ್ಲಿ ಪಶ್ಚಿಮಘಟ್ಟಗಳ ಇತರ ಕೆಲವು ಭಾಗಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಂದು ಸಾಹಸವಾಗಿದ್ದುದು ಇಂದು ಅಲ್ಲಿ ಅಪರಾಧ. ಹಾಗಾದರೆ ಕಾದಂಬರಿಯ ಬೆಲೆ ಇಳಿಯಿತೆ? ಗೋಪಾಲಯ್ಯನ ಹೆಮ್ಮೆಯನ್ನು ಮುಚ್ಚಿ, ಅವನನ್ನು ಕಾಡಿನ ಕಾವಲುಗಾರನನ್ನಾಗಿ ತಿದ್ದಿ ಓದುವುದು ಕೃತಿಗೆ ಮಾಡುವ ಅನ್ಯಾಯ. ಅವನು ಕಾಡಿನೊಡನೆ ಹೋರಾಡಿದವನೇ ಹೌದು. ಆದರೆ ಆ ಹೋರಾಟದಲ್ಲಿ ಎರಡು ಪಕ್ಷಗಳೂ ಜೀವಂತವಾಗಿದ್ದುವು. ಅವನು ತೋಟವೆಬ್ಬಿಸಿದರೆ ಆನೆ ಬಂದು ತುಳಿಯುತ್ತಿತ್ತು; ಅವನು ದಾರಿ ಸವೆಸಿದರೆ ಮಳೆ ಅದನ್ನು ಅಳಿಸುತ್ತಿತ್ತು. ಎರಡು ಪಾದ ಹಿಡಿಸುವಷ್ಟು ಅಗಲವಾದ ದಾರಿಯೇ ಮನುಷ್ಯನು ಕಾಡಿನಿಂದ ಕೇಳಿ ಪಡೆದ ಪಾಲು. ಮುಂದೆ ಬಂದ ಯಂತ್ರಗಳಿಗೆ ಇಂಥ ಅಳತೆ ತಿಳಿಯದು. ಗೋಪಾಲಯ್ಯನನ್ನು ಮೆಚ್ಚುತ್ತಲೇ ಅವನ ಕೊಡಲಿಯನ್ನು ಒಪ್ಪದಿರುವ ಸ್ವಾತಂತ್ರ್ಯವನ್ನು ಕೃತಿಯೇ ಓದುಗನಿಗೆ ಕೊಟ್ಟಿದೆ. ಏಕೆಂದರೆ ಅದು ಆನೆಯ ಹೆಜ್ಜೆಯನ್ನೂ ಮರೆಮಾಡಿಲ್ಲ.

ಈಗ ಆ ಸೀಮೆಯಲ್ಲಿ ನಡೆಯುವವರು ಬೇರೆಯವರು. ಸುಬ್ರಹ್ಮಣ್ಯದಿಂದ ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತಗಳ ಮೇಲಾಗಿ 1712 ಮೀಟರು ಎತ್ತರದ ಕುಮಾರಪರ್ವತಕ್ಕೆ ಏರಿ, ಆಚೆಗೆ ಕೊಡಗಿನ ಸೋಮವಾರಪೇಟೆಯ ಕಡೆಗೆ ಇಳಿಯುವ ಹಳೆಯ ದಾರಿಯನ್ನು ನಾಡಿನ ಚಾರಣಿಗರೆಲ್ಲ ಬಲ್ಲರು. ಕಗ್ಗದಾಸಪುರದಂಥ, ಒಂದು ಕಾಲದಲ್ಲಿ ಕೆರೆಯೂ ಹೊಲವೂ ಆಗಿದ್ದು ಇಂದು ಬೆಂಗಳೂರಿನ ಮನೆಗಳ ಸಾಲಿನೊಳಗೆ ಸೇರಿಹೋಗಿರುವ ಊರುಗಳಿಂದ ತರುಣರು ರಾತ್ರಿಯ ಬಸ್ಸು ಹಿಡಿದು ಹೋಗಿ, ಬೆಳಗ್ಗೆ ಬೆಟ್ಟ ಹತ್ತಿ, ಶಿಖರದ ಮೇಲೆ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಇದನ್ನು ಹಳಿಯಬೇಕಾಗಿಲ್ಲ. ಗಾಳಿ, ಬೆವರು, ಆಯಾಸಗಳಿಂದ ಅವರಿಗೂ ಬೆಟ್ಟದ ಪರಿಚಯವಾಗುತ್ತದೆ. ಆದರೆ ಶಿಖರವೇ ಗುರಿಯಾದವನಿಗೆ ದಾರಿಯ ಇನ್ನೊಂದು ತುದಿಯಲ್ಲಿ ಒಂದು ಮನೆಯಿದೆಯೆಂಬುದು ತೋರುವುದಿಲ್ಲ. ಹಳೆಯ ದಾರಿಗಳಲ್ಲಿ ಎಷ್ಟೋ ದಾರಿಗಳು ಶಿಖರಕ್ಕೆ ಹೋದವುಗಳಲ್ಲ. ಅವು ಒಂದು ಒಲೆಯಿಂದ ಇನ್ನೊಂದು ಒಲೆಗೆ ಹೋದವು. ಗುಡ್ಡವು ಅವುಗಳ ನಡುವೆ ಬಂದ ಅಡ್ಡಿ ಮಾತ್ರ.

ಆದಕಾರಣ ‘ಬೆಟ್ಟದ ಜೀವ’ವು ಚೀಲದಲ್ಲಿಟ್ಟುಕೊಂಡು ಹೋಗತಕ್ಕ ಪುಸ್ತಕ. ಓದಿ ಹೋದವನು ದಾರಿಯ ಬದಿಯಲ್ಲಿ ಮುರಿದ ಸಂಕವನ್ನೋ, ಕುರುಚಲಿನಲ್ಲಿ ಅರ್ಧ ಹೂತ ಪಾಗಾರವನ್ನೋ ಕಂಡರೆ, ಅದನ್ನು ದಾಟಿ ಹೋಗುವ ಮುನ್ನ ಒಂದು ಗಳಿಗೆ ನಿಲ್ಲುತ್ತಾನೆ. ಇಲ್ಲಿ ಯಾರು ಯಾರಿಗಾಗಿ ನಡೆಯುತ್ತಿದ್ದರು ಎಂದು ಕೇಳಿಕೊಳ್ಳುತ್ತಾನೆ. 1997ರಲ್ಲಿ ಕಾರಂತರು ತೀರಿಕೊಳ್ಳುವ ಹೊತ್ತಿಗೆ ಆ ನಾಡಿನ ಕಾಲುದಾರಿಗಳಲ್ಲಿ ಅನೇಕವು ರಸ್ತೆಗಳಾಗಿದ್ದುವು, ಅನೇಕವು ಕಾಡಾಗಿದ್ದುವು. ಕೆಳಬೈಲಿಂದ ಕಟ್ಟದಮೂಲೆಗೆ ಹೋಗುವ ದಾರಿ ಮಾತ್ರ ಕನ್ನಡ ಓದುವವರು ಇರುವವರೆಗೂ ಮುಚ್ಚಿಹೋಗುವಂತಿಲ್ಲ. ಪ್ರತಿಯೊಬ್ಬ ಹೊಸ ವಾಚಕನೂ ಅದನ್ನು ಮತ್ತೊಮ್ಮೆ ತುಳಿದು ಸವೆಸುತ್ತಾನೆ. ಮುಂದೆ ಮುದುಕನು ನಡೆಯುತ್ತಿರುತ್ತಾನೆ, ಹಿಂದೆ ಮನೆಯಲ್ಲಿ ಶಂಕರಮ್ಮ ದಾರಿ ನೋಡುತ್ತಿರುತ್ತಾಳೆ.